ಚಕ್ಕುಲಿಯ ಹಾಲುಹಲ್ಲು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕಟ್ಟಿದವರು ಯಾರೋ ಕಾಣೆ. ಅವರು ನಾಯಿಮರಿ ಸಾಕಿದವರಲ್ಲವೆಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಸಾಕಿದ್ದರೆ ಅವರಿಗೆ ಮೂರನೆಯದೊಂದು ಸ್ಥಿತಿಯೂ ಗೊತ್ತಿರುತ್ತಿತ್ತು. ಬಾಯಲ್ಲಿ ಒಂದು ಕಡೆ ಹಲ್ಲು ಬೀಳುತ್ತ ಇನ್ನೊಂದು ಕಡೆ ಏಳುತ್ತ ಇರುವಾಗ ಲೋಕದಲ್ಲಿರುವುದೆಲ್ಲ ಕಡಲೆಯಾಗಿಯೇ ಕಾಣುತ್ತದೆ. ಚಪ್ಪಲಿಯೂ ಕಡಲೆ, ಕುರ್ಚಿಯ ಕಾಲೂ ಕಡಲೆ, ಅಂದಿನ ಪತ್ರಿಕೆಯೂ ಕಡಲೆ. ಮನೆಯ ಯಜಮಾನನ ಹಿಮ್ಮಡಿಯಂತೂ ಹುರಿಗಡಲೆ.

2023ರ ಮಳೆಗಾಲದಿಂದ ದೀಪಾವಳಿಯವರೆಗೆ ಮೈಸೂರಿನ ನಮ್ಮ ಮನೆಯಲ್ಲಿ ಮೂರು ಬಗೆಯ ಹಲ್ಲುಗಳು ಒಟ್ಟಿಗೆ ಸಂಸಾರ ಮಾಡಿದವು. ನನ್ನವು ಕಟ್ಟಿಸಿದ ಹಲ್ಲುಗಳು; ರಾತ್ರಿಯಾದರೆ ನೀರಿನ ಬಟ್ಟಲಲ್ಲಿ ಮಲಗುವಂಥವು. ಮೊಮ್ಮಗಳು ಪುಟ್ಟಿಗೆ ಆಗ ಆರೂವರೆ ವರ್ಷ. ಅವಳ ಮುಂದಿನ ಎರಡು ಹಲ್ಲುಗಳು ಗಾಳಿಗೆ ಸಿಕ್ಕ ತೋರಣದಂತೆ ಅಲ್ಲಾಡುತ್ತಿದ್ದವು. ಮೂರನೆಯವು ಚಕ್ಕುಲಿಯ ಹಲ್ಲುಗಳು. ನಾನು ಹೇಳಹೊರಟಿರುವುದು ಅವುಗಳ ವಿಚಾರ.

ಚಕ್ಕುಲಿ ನಮ್ಮ ಮನೆಗೆ ಬಂದದ್ದು ಜೂನ್ ತಿಂಗಳ ಒಂದು ಸಂಜೆ, ಪುಟ್ಟಿಯ ಮಳೆಯಂಗಿಯೊಳಗೆ ಸುತ್ತಿಕೊಂಡು. ತಾಯಿ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತ್ತಂತೆ. ಪಶುವೈದ್ಯರ ಬಳಿಗೆ ಕರೆದೊಯ್ದಾಗ ಅವರು ಮೊದಲು ಮಾಡಿದ ಕೆಲಸ ಅದರ ತುಟಿ ಎತ್ತಿ ಹಲ್ಲು ನೋಡಿದ್ದು. “ಆರು ವಾರ ಇರಬಹುದು” ಎಂದರು. ಬೀದಿಯಲ್ಲಿ ಹುಟ್ಟಿದವರಿಗೆ ಬಾಯೇ ಜಾತಕವೆಂದು ಆಗ ತಿಳಿಯಿತು. ಬಾಲ ಸೊಂಟದ ಮೇಲೆ ಒಂದೂವರೆ ಸುತ್ತು ಸುತ್ತಿಕೊಂಡಿದ್ದುದರಿಂದ ಪುಟ್ಟಿ ಅದಕ್ಕೆ ಚಕ್ಕುಲಿ ಎಂದು ಹೆಸರಿಟ್ಟಳು. ಟಾಮಿ, ಟೈಗರ್, ರಾಜ ಎಂಬ ನಮ್ಮ ಕಾಲದ ಹೆಸರುಗಳನ್ನು ನಾನು ಸೂಚಿಸಿದೆ, ಮನ್ನಣೆ ದೊರೆಯಲಿಲ್ಲ.

ನಮ್ಮ ಮನೆಯಾಕೆ ಒಂದೇ ಷರತ್ತು ಹಾಕಿದಳು. “ನೋಡಿ, ಬೇಡ ಅಂತ ನಾನು ಹೇಳೋಲ್ಲ. ಆದರೆ ಅಡಿಗೆಮನೆ, ದೇವರಮನೆ ಹೊಸಿಲು ದಾಟಿತೋ, ಅದೂ ಇರೋಲ್ಲ, ಅದನ್ನ ಇಟ್ಟುಕೊಂಡೋರೂ ಇರೋಲ್ಲ.” ತಂದವಳು ಪುಟ್ಟಿ, ಅವಳಿಗೆ ಯಾವ ಕಾನೂನೂ ಅನ್ವಯಿಸುವುದಿಲ್ಲ. ಆದ್ದರಿಂದ “ಇಟ್ಟುಕೊಂಡೋರು” ಎಂದರೆ ನಾನೇ.

ಜುಲೈ, ಆಗಸ್ಟ್ ಸುಖವಾಗಿ ಕಳೆದವು. ಚುಚ್ಚುಮದ್ದುಗಳೆಲ್ಲ ಆದವು; ಮೂರು ತಿಂಗಳು ತುಂಬುತ್ತಲೇ ಹುಚ್ಚುನಾಯಿ ರೋಗದ ಲಸಿಕೆಯೂ ಆಯಿತು. ಮರಿ ಹಾಲನ್ನ ತಿಂದು, ಹೊಟ್ಟೆ ಉಬ್ಬಿಸಿಕೊಂಡು, ಬಂದವರ ಕಾಲ ಬಳಿ ಮಲಗುತ್ತಿತ್ತು. ನೋಡಿದವರೆಲ್ಲ “ಎಷ್ಟು ಮುದ್ದಾಗಿದೆ!” ಎಂದರು. ಗೌರಿ ಹಬ್ಬದ ಹೊತ್ತಿಗೆ ಅದಕ್ಕೆ ನಾಲ್ಕು ತಿಂಗಳು ತುಂಬಿತು. ಮುದ್ದಿನ ಅಧ್ಯಾಯ ಮುಗಿಯಿತು.

ಮೊದಲು ಹೋದದ್ದು ಕಾಲೊರಸು. ಆಮೇಲೆ ನನ್ನ ಆರಾಮಕುರ್ಚಿಯ ಮುಂಗಾಲು, ಮಗನ ಬೂಟಿನ ನಾಲಿಗೆ, ಸೊಸೆಯ ಫೋನಿನ ಚಾರ್ಜರು. ಅದೃಷ್ಟಕ್ಕೆ ಆಗ ಚಾರ್ಜರು ಗೋಡೆಯಿಂದ ಬಿಡಿಸಿಟ್ಟಿತ್ತು. ಅಂದಿನಿಂದ ಮನೆಯ ತಂತಿಗಳೆಲ್ಲ ಮೊಳಕೈಯೆತ್ತರಕ್ಕೆ ಏರಿದವು. ಬೆಳಗಿನ ಪತ್ರಿಕೆ ನನ್ನ ಕೈಗೆ ಬರುವಾಗ ಸಂಪಾದಕೀಯದ ಅರ್ಧಭಾಗ ಇರುತ್ತಿರಲಿಲ್ಲ. ಪುಟ್ಟಿಯ ಲಂಗದ ಅಂಚು ಜಾಲರಿಯಾಯಿತು. ಆಡುತ್ತ ಆಡುತ್ತ ಕೈ ಹಿಡಿದರೆ ಸೂಜಿ ಚುಚ್ಚಿದಂತೆ ನಾಲ್ಕು ಗುರುತು ಏಳುತ್ತಿದ್ದವು. “ಬೇಡ” ಎಂದು ಗದರಿದರೆ ಬಿಡುವುದು, ಎರಡು ಹೆಜ್ಜೆ ಹೋಗಿ ಬಾಗಿಲ ಚೌಕಟ್ಟನ್ನು ಹಿಡಿಯುವುದು. ಎಲ್ಲರೂ ಇದನ್ನು ಪುಂಡಾಟವೆಂದರು.

ಪುಂಡಾಟವಲ್ಲ ಎಂದು ಮೊದಲು ಕಂಡುಕೊಂಡವಳು ನಮ್ಮ ಮನೆಯಾಕೆಯೇ. ನಾಯಿಯನ್ನು ಮುಟ್ಟದವಳು, ಹೊಸಿಲಾಚೆಯಿಂದಲೇ ತಟ್ಟೆಗೆ ಅನ್ನ ಹಾಕುವವಳು. ಮೂರು ದಿನ ಸುಮ್ಮನೆ ನೋಡಿ ನಾಲ್ಕನೆಯ ದಿನ ಹೇಳಿದಳು: “ಗಂಜಿ ಹಾಕಿದರೆ ನೆಕ್ಕುತ್ತೆ, ಚಪಾತಿ ಹಾಕಿದರೆ ಬಾಯಿಗೆ ತೊಗೊಂಡು ಬಿಟ್ಟುಬಿಡುತ್ತೆ. ಜೊಲ್ಲು ಬೇರೆ ಸುರಿಸುತ್ತೆ. ಇದು ಹಟ ಅಲ್ಲ, ವಸಡು ನೋವು. ನಿಮ್ಮ ಮಗನೂ ಹಲ್ಲು ಬರುವಾಗ ತೊಟ್ಟಿಲ ಕಂಬಿ ಕಡೀತಿದ್ದ, ಮರೆತಿರಾ?”

ವೈದ್ಯರು ತುಟಿ ಎತ್ತಿ ತೋರಿಸಿದರು. ವಸಡು ಕೆಂಪಗೆ ಊದಿತ್ತು. ಮುಂದಿನ ಬಾಚಿಹಲ್ಲು ಎರಡು ಆಗಲೇ ಬಿದ್ದು, ಆ ಜಾಗದಲ್ಲಿ ಹೊಸದರ ಬಿಳಿಯ ತುದಿ ಇಣುಕುತ್ತಿತ್ತು. ಅವರು ಹೇಳಿದ ಲೆಕ್ಕ ನನ್ನಂಥ ಹಳೆಯ ಬ್ಯಾಂಕು ನೌಕರನಿಗೆ ಚೆನ್ನಾಗಿ ಹಿಡಿಸಿತು. ನಾಯಿಮರಿಗೆ ಹಾಲುಹಲ್ಲು 28. ಮೂರನೆಯ ವಾರದ ಹೊತ್ತಿಗೆ ಹುಟ್ಟಲು ಶುರುವಾಗಿ ಎರಡು ತಿಂಗಳೊಳಗೆ ಎಲ್ಲವೂ ಬಂದಿರುತ್ತವೆ. ನಾಲ್ಕನೆಯ ತಿಂಗಳ ಆಸುಪಾಸಿನಲ್ಲಿ ಅವು ಬೀಳತೊಡಗುತ್ತವೆ: ಮೊದಲು ಬಾಚಿಹಲ್ಲು, ಆಮೇಲೆ ಕೋರೆಯೂ ಒಳಗಿನವೂ. ಆರೇಳು ತಿಂಗಳು ತುಂಬುವಷ್ಟರಲ್ಲಿ 42 ಶಾಶ್ವತ ಹಲ್ಲುಗಳು ನಿಂತಿರಬೇಕು. ನಮ್ಮ ಮಕ್ಕಳಿಗಾದರೋ ಹಾಲುಹಲ್ಲು 20, ಆಮೇಲಿನವು 32. ಆರನೆಯ ವರ್ಷಕ್ಕೆ ಶುರುವಾದ ಬದಲಾವಣೆ ಹನ್ನೆರಡರವರೆಗೂ ನಡೆಯುತ್ತದೆ. ಅಂದರೆ ಪುಟ್ಟಿ ಆರು ವರ್ಷ ಕಂತು ಕಟ್ಟಿ ತೀರಿಸುವ ಸಾಲವನ್ನು, ಅದಕ್ಕಿಂತ ದೊಡ್ಡದನ್ನೇ, ಚಕ್ಕುಲಿ ಮೂರು ತಿಂಗಳಲ್ಲಿ ಒಂದೇ ಗಂಟಾಗಿ ತೀರಿಸಬೇಕು. ಹಾಗೆ ತೀರಿಸುವವನು ಕುರ್ಚಿಯ ಕಾಲು ಕಡಿದರೆ ಆಶ್ಚರ್ಯವೇನು?

ನೋವು ಗೊತ್ತಾದ ಮೇಲೆ ಮದ್ದು ಹೇಳಲು ನಮ್ಮ ಬೀದಿಯಲ್ಲಿ ಜನಕ್ಕೆ ಬರವೇ? ಒಬ್ಬರು ಮೂತಿಗೆ ನಾಲ್ಕು ಬಾರಿಸಿ ಎಂದರು. ಇನ್ನೊಬ್ಬರು ಕುರ್ಚಿಗೆ ಮೆಣಸಿನಕಾಯಿ ಅರೆದು ಹಚ್ಚಿ ಎಂದರು. ಆ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕಾದವನು ನಾನೆಂಬುದನ್ನು ಅವರು ಯೋಚಿಸಿರಲಿಲ್ಲ. ಮತ್ತೊಬ್ಬರು ವಸಡಿಗೆ ಲವಂಗದ ಎಣ್ಣೆ ಎಂದರು. ನಾಲ್ಕನೆಯವರು ತಲೆನೋವಿನ ಮಾತ್ರೆ ಅರ್ಧ ಕೊಡಿ ಎಂದರು. ಐದನೆಯವರು ಯಾವುದಾದರೂ ಹಳೆಯ ಚಪ್ಪಲಿಯನ್ನು ಅದಕ್ಕೇ ಬಿಟ್ಟುಬಿಡಿ ಎಂದರು. ಈ ಕೊನೆಯ ಸಲಹೆಗೆ ವೈದ್ಯರು ಬೇಕಾಗಲಿಲ್ಲ. “ಹಳೇದು ಯಾವುದು, ಹೊಸದು ಯಾವುದು ಅಂತ ಅದಕ್ಕೆ ರಸೀದಿ ತೋರಿಸ್ತೀರಾ?” ಎಂದು ನಮ್ಮ ಮನೆಯಾಕೆ ಅಲ್ಲಿಗೇ ತೀರ್ಮಾನಿಸಿದಳು.

ಉಳಿದವುಗಳನ್ನು ವೈದ್ಯರು ಒಂದೊಂದಾಗಿ ತಳ್ಳಿಹಾಕಿದರು. ಲವಂಗದ ಎಣ್ಣೆ ಬೇಡ. ಮನುಷ್ಯರ ನೋವಿನ ಮಾತ್ರೆಯಂತೂ ಖಂಡಿತ ಕೂಡದು. ನಮಗೆ ಒಗ್ಗುವುದು ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಯಾವ ವಯಸ್ಸಿಗೂ ಸಲ್ಲ. ಬೇಯಿಸಿದ ಮೂಳೆ ಸೀಳಾಗಿ ಗಂಟಲಿಗೆ ಚುಚ್ಚುತ್ತದೆ. ಕಲ್ಲಿನಂಥ ಗಟ್ಟಿ ಪದಾರ್ಥ ಹೊಸ ಹಲ್ಲನ್ನೇ ಮುರಿಯುತ್ತದೆ; ಹೆಬ್ಬೆರಳಿನ ಉಗುರು ಊರಿದರೆ ಗುರುತು ಬೀಳುವಷ್ಟು ಮೆತ್ತಗಿರುವುದನ್ನೇ ಕಡಿಯಲು ಕೊಡಬೇಕು. ಹೊಡೆಯುವ ವಿಚಾರಕ್ಕೆ ಅವರು ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ಉಳಿದಿದೆ: “ಹೊಡೆದರೆ ಅದು ಕಚ್ಚಬಾರದು ಅಂತ ಕಲಿಯೋಲ್ಲ ಸಾರ್, ಕೈಗೆ ಹೆದರಬೇಕು ಅಂತ ಕಲಿಯುತ್ತೆ. ಹೆದರಿದ ನಾಯಿಯೇ ಮುಂದೆ ನಿಜವಾಗಿ ಕಚ್ಚೋದು.”

ಹಾಗಾದರೆ ಮಾಡಬೇಕಾದದ್ದೇನು? ತಂಪು ಕೊಡಬೇಕು, ಕಡಿಯಲು ಬೇರೆ ಏನನ್ನಾದರೂ ಕೊಡಬೇಕು. ಇದನ್ನು ಕೇಳಿ ನಮ್ಮ ಮನೆಯಾಕೆ ನನ್ನ ಹಳೆಯ ಪಂಚೆಯೊಂದನ್ನು ಹರಿದು, ನೀರಿನಲ್ಲಿ ನೆನೆಸಿ, ಹುರಿಮಾಡಿ, ನಡುನಡುವೆ ಗಂಟು ಹಾಕಿದಳು. ಅನಂತರ ಅವಳು ಮಾಡಿದ ಕೆಲಸವನ್ನು ಕಂಡು ಮನೆಯವರೆಲ್ಲ ಬೆರಗಾದೆವು. ಆ ಗಂಟುಬಟ್ಟೆಯನ್ನು ಒಂದು ಡಬ್ಬಿಯಲ್ಲಿ ಮುಚ್ಚಿ ತನ್ನ ಫ್ರಿಜ್ಜಿನ ಹಿಮದ ಅರೆಯಲ್ಲಿ ಇಟ್ಟಳು. ಮೂವತ್ತು ವರ್ಷದಿಂದ ಮೊಟ್ಟೆಯ ನೆರಳೂ ಬೀಳದ ಜಾಗ ಅದು. ನಾಯಿ ಹೊಸಿಲು ದಾಟಲಿಲ್ಲ, ನಿಜ. ನಾಯಿಯ ಬಟ್ಟೆ ದಾಟಿತು. ಯಾರೂ ಅದರ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಕೆಡುತ್ತಿತ್ತು.

ಚಕ್ಕುಲಿ ಆ ತಣ್ಣನೆಯ ಗಂಟನ್ನು ಮುಂಗಾಲುಗಳ ನಡುವೆ ಒತ್ತಿಹಿಡಿದು, ಕಣ್ಣು ಅರೆಮುಚ್ಚಿ, ತಲೆ ಓರೆಮಾಡಿ ದವಡೆಯಿಂದ ಅಗಿಯುತ್ತಿದ್ದ ರೀತಿಯನ್ನು ನೋಡಬೇಕಾಗಿತ್ತು. ಹಲ್ಲುನೋವಿನಲ್ಲಿ ರಾತ್ರಿ ಕಳೆದವನಿಗೆ ಬೆಳಗಿನ ಜಾವ ನಿದ್ದೆ ಹತ್ತಿದಾಗ ಮುಖದ ಮೇಲೆ ಬರುವ ಕಳೆ ಅದು. ದೇವರಾಜ ಮಾರುಕಟ್ಟೆಯಿಂದ ದಪ್ಪ ಗಜ್ಜರಿ ತಂದು, ತಂಪುಮಾಡಿ, ಎದುರಿಗೆ ಕುಳಿತೇ ಕೊಡುತ್ತಿದ್ದೆ. ತುಂಡು ಗಂಟಲಿಗೆ ಸಿಕ್ಕಬಾರದಷ್ಟೆ. ಬಟ್ಟೆಯ ಎಳೆ ಬಿಡಲು ಶುರುವಾದರೆ ಅದನ್ನು ತೆಗೆದು ಹೊಸದು ಕೊಡಬೇಕು, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಹೀಗಾಗಿ ಎರಡು ತಿಂಗಳಲ್ಲಿ ನನ್ನ ನಾಲ್ಕು ಪಂಚೆಗಳು ಸದ್ಗತಿ ಪಡೆದವು.

ಇನ್ನೊಂದು ಪಾಠವೂ ಇತ್ತು. ನಾಯಿಮರಿ ಎಷ್ಟು ಬಲವಾಗಿ ಕಚ್ಚಬಾರದೆಂಬುದನ್ನು ಕಲಿಯುವುದು ಒಡಹುಟ್ಟಿದವರ ಜೊತೆ ಆಡುತ್ತ. ಜೋರಾಗಿ ಕಚ್ಚಿದರೆ ತಮ್ಮ ಕುಂಯ್ ಎನ್ನುತ್ತದೆ, ಆಟ ನಿಲ್ಲುತ್ತದೆ. ಆಟ ನಿಂತರೆ ನಷ್ಟ. ಚಕ್ಕುಲಿ ಆರು ವಾರಕ್ಕೇ ಆ ಶಾಲೆ ಬಿಟ್ಟು ಬಂದದ್ದು. ಆದ್ದರಿಂದ ಪುಟ್ಟಿ ಮೇಷ್ಟರಾದಳು. ಹಲ್ಲು ತಾಗಿತೋ, “ಅಯ್ಯೋ” ಎಂದು ಒಮ್ಮೆ ಹೇಳಿ ಕೈಕಟ್ಟಿ ಮರದಂತೆ ನಿಂತುಬಿಡುವುದು, ಓಡುವುದಿಲ್ಲ, ಕಿರುಚುವುದಿಲ್ಲ. ಅದು ತಣ್ಣಗಾದ ಮೇಲೆ ಗಂಟುಬಟ್ಟೆ ಕೊಟ್ಟು ಮತ್ತೆ ಆಟ. ದಿನಕ್ಕೆ ಇಪ್ಪತ್ತು ಸಲ ಈ ಪಾಠ ನಡೆಯುತ್ತಿತ್ತು. ಮಗ್ಗಿ ಒಪ್ಪಿಸಲು ಇಲ್ಲದ ತಾಳ್ಮೆ ಅವಳಿಗೆ ಇದಕ್ಕೆ ಎಲ್ಲಿಂದ ಬಂತೋ!

ಬಿದ್ದ ಹಾಲುಹಲ್ಲುಗಳನ್ನು ಮರಿಗಳು ಅನ್ನದ ಜೊತೆ ನುಂಗಿಬಿಡುವುದೇ ಹೆಚ್ಚು, ಅದರಿಂದ ಅಪಾಯವಿಲ್ಲ. ಆದರೂ ಒಂದು ದಿನ ಚಾಪೆಯ ಮೇಲೆ ಅಕ್ಕಿಕಾಳಿನಂಥದೊಂದು ಪುಟ್ಟಿಗೆ ಸಿಕ್ಕಿತು. ಅದೇ ವಾರ ಅವಳ ಹಲ್ಲೂ ಬಿದ್ದಿತ್ತು. ಅಜ್ಜಿ ಅದನ್ನು ಸಂಪ್ರದಾಯದಂತೆ ಸಗಣಿಯ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಸಿದ್ದಳು. ನಮ್ಮದು ಆರ್.ಸಿ.ಸಿ. ಮನೆ, ಹೆಂಚಿಲ್ಲ, ಕಾರು ನಿಲ್ಲಿಸುವ ತಗಡಿನ ಸೂರಿಗೆ ಆ ಗೌರವ ಸಂದಿತು. “ಚಕ್ಕುಲಿದೂ ಎಸೀಬೇಕು ಅಜ್ಜಿ, ಇಲ್ಲದಿದ್ದರೆ ಅದಕ್ಕೆ ಹಲ್ಲು ಬರೋಲ್ಲ” ಎಂದು ಪುಟ್ಟಿ ಹಟ ಹಿಡಿದಳು. ಶಾಸ್ತ್ರದಲ್ಲಿ ನಾಯಿಹಲ್ಲಿಗೆ ವಿಧಿಯಿದೆಯೇ ಎಂದು ನಾನು ಕೇಳಿದೆ. ನಮ್ಮ ಮನೆಯಾಕೆ ನನ್ನನ್ನು ಒಮ್ಮೆ ನೋಡಿ, ಸಗಣಿ ತರಲು ಹೋದಳು.

ಎಲ್ಲವೂ ಸರಿಹೋಗುತ್ತಿದೆ ಎನ್ನುವಾಗ ದಸರೆಯ ರಜ ಬಂತು. ಎದುರು ಮನೆಯ ರಾಯರ ಮೊಮ್ಮಗ, ಏಳು ವರ್ಷದವನು, ಬೆಂಗಳೂರಿನಿಂದ ಬಂದಿದ್ದ. ಚಕ್ಕುಲಿ ಅಗಿಯುತ್ತಿದ್ದ ಗಂಟನ್ನು ಅವನು ಛಕ್ಕನೆ ಎಳೆದ. ಅದು ಬಟ್ಟೆಯೆಂದು ಬೆರಳನ್ನು ಹಿಡಿಯಿತು. ಬಂದದ್ದು ಒಂದು ಹನಿ ರಕ್ತ. ಆದರೆ ನನ್ನ ವಯಸ್ಸಿನವರಿಗೆ ಆ ಒಂದು ಹನಿ ಸಾಕು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಮಾತಿಗೆ ನಡುಗಿ ಬೆಳೆದವರು ನಾವು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಮದ್ದು 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಅದರ ಭಯ ಮಾತ್ರ ನಿಂತಿಲ್ಲ. ನಿಲ್ಲಬಾರದು ಕೂಡ. ಲೂಯಿ ಪಾಶ್ಚರ್ 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ಉಳಿಸಿದಂದಿನಿಂದ ಇಂದಿನವರೆಗೂ ಈ ರೋಗದ ಮಾತು ಒಂದೇ: ಲಕ್ಷಣ ಕಾಣಿಸಿಕೊಳ್ಳುವ ಮೊದಲೇ ಲಸಿಕೆಯಾಗಬೇಕು, ಕಾಣಿಸಿದ ಮೇಲೆ ಬದುಕಿ ಬಂದವರು ತೀರ ವಿರಳ.

ಹುಡುಗನ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆದೆವು. ರಾಯರೂ ನಾನೂ ಆಸ್ಪತ್ರೆಗೆ ಕರೆದೊಯ್ದೆವು. ನಾಯಿಗೆ ಲಸಿಕೆಯಾಗಿದೆ ಎಂದೆ. ಆದರೂ ಮಗುವಿಗೆ ಹಾಕಿಬಿಡೋಣ ಎಂದರು ಡಾಕ್ಟರು, ನಾವೂ ಅದನ್ನೇ ಬಯಸಿದ್ದೆವು. ಗಾಯದ ಸುತ್ತ ಸೀರಮ್ಮು, ಎರಡು ತೋಳಿಗೂ ಲಸಿಕೆ. ಆಮೇಲೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ಮತ್ತೆ. ಹುಡುಗ ಅಳಲಿಲ್ಲ. ರಾಯರು ಕೋಪದ ಮಾತನ್ನೇನೂ ಆಡಲಿಲ್ಲ. ದಾರಿಯುದ್ದಕ್ಕೂ ಏನನ್ನೂ ಮಾತಾಡಲಿಲ್ಲ. ಅದು ಹೆಚ್ಚು ಭಾರವಾಗಿತ್ತು.

ಅಂದು ರಾತ್ರಿ ಮನೆಯಲ್ಲಿ ಸಭೆ ಸೇರಿತು. “ನಾಳೆ ಪುಟ್ಟಿ ಮುಖಕ್ಕೆ ಹಾರಿದರೆ ಏನು ಗತಿ ಮಾವ?” ಎಂದಳು ಸೊಸೆ. ತಾಯಿಯ ಮಾತು, ತಳ್ಳಿಹಾಕುವಂತಿರಲಿಲ್ಲ. ದೀಪಾವಳಿಯವರೆಗೆ ನೋಡುವುದು, ಆಗಲೂ ಕಚ್ಚುವುದು ನಿಲ್ಲದಿದ್ದರೆ ನಂಜನಗೂಡಿನ ಕಡೆ ಪರಿಚಯದವರ ತೋಟದಲ್ಲಿ ಬಿಟ್ಟುಬರುವುದು ಎಂದು ಮಗ ತೀರ್ಮಾನ ಹೇಳಿದ. ಪುಟ್ಟಿ ನಿದ್ದೆ ಮಾಡಿದ್ದಾಳೆಂದು ನಾವು ತಿಳಿದಿದ್ದೆವು. ಬೆಳಿಗ್ಗೆ ನೋಡಿದರೆ ಕ್ಯಾಲೆಂಡರಿನಲ್ಲಿ ನವೆಂಬರ್ 12ರ ಸುತ್ತ ಕೆಂಪು ಸೀಸದಕಡ್ಡಿಯಿಂದ ಒಂದು ಸುತ್ತು ಬರೆದಿತ್ತು.

ಆ ದಿನಗಳಲ್ಲಿ ನನಗೆ ಮಹಾಭಾರತ ಮತ್ತೆ ಮತ್ತೆ ನೆನಪಾಗುತ್ತಿತ್ತು. ಕೊನೆಯಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಕಥೆ ಎಲ್ಲರಿಗೂ ಗೊತ್ತು. ಅದು ಬೆಳೆದ ನಾಯಿಯೇ ಇರಬೇಕು. ಐದು ತಿಂಗಳ ಮರಿಯಾಗಿ ದಾರಿಯುದ್ದಕ್ಕೂ ನಾರುಮಡಿಯನ್ನು ಕಡಿಯುತ್ತ ಬಂದಿದ್ದರೆ ಧರ್ಮಪರೀಕ್ಷೆ ಇನ್ನೂ ಕಠಿಣವಾಗುತ್ತಿತ್ತು. ಆದರೆ ಆದಿಪರ್ವದ ಆರಂಭದಲ್ಲಿಯೂ ಒಂದು ನಾಯಿಮರಿ ಇದೆ. ಅದನ್ನು ನೆನೆಯುವವರು ಕಡಮೆ. ಜನಮೇಜಯನ ಯಜ್ಞಶಾಲೆಗೆ ಬಂದ ಆ ಮರಿಯನ್ನು ಅವನ ತಮ್ಮಂದಿರು ಹೊಡೆದು ಅಟ್ಟುತ್ತಾರೆ. ಅದು ಅಳುತ್ತ ತಾಯಿ ಸರಮೆಯ ಬಳಿಗೆ ಹೋಗುತ್ತದೆ. ನಾನು ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ ಎನ್ನುತ್ತದೆ. ಸರಮೆ ಸಭೆಗೇ ಬಂದು ಕೇಳುತ್ತಾಳೆ: ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ? ರಾಜಸಭೆಯಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಭಯ ನಿನಗೆ ಒದಗಲಿ ಎಂದು ಅವಳು ಶಪಿಸಿ ಹೋಗುತ್ತಾಳೆ. ಅಷ್ಟು ದೊಡ್ಡ ಕಾವ್ಯದ ಬಾಗಿಲಲ್ಲಿ ವ್ಯಾಸರು ಒಂದು ನಾಯಿಮರಿಯ ದೂರನ್ನು ಇಟ್ಟದ್ದು ಸುಮ್ಮನೆ ಇರಲಾರದು.

ಚಕ್ಕುಲಿಗೆ ದೂರು ಹೇಳಲು ತಾಯಿ ಇರಲಿಲ್ಲ. ನಾನು ಬೆಳಿಗ್ಗೆ ನಡೆಯಲು ಹೋಗುವ ದಾರಿಯಲ್ಲಿ ಅಂಥ ಕೆಲವನ್ನು ಕಾಣುತ್ತೇನೆ: ಮರಿಯೂ ಅಲ್ಲದ, ನಾಯಿಯೂ ಅಲ್ಲದ, ಕಾಲು ಉದ್ದ ಮೈ ಸಣ್ಣದಾದ ಆರೇಳು ತಿಂಗಳಿನವು. ಕೆಲವಕ್ಕೆ ಕೊರಳಲ್ಲಿ ಪಟ್ಟಿಯ ಗುರುತು ಇನ್ನೂ ಮಾಸಿರುವುದಿಲ್ಲ. ಹೋಗುವ ಪ್ರತಿಯೊಂದು ಕಾರನ್ನೂ ತಲೆಯೆತ್ತಿ ನೋಡುತ್ತವೆ. ಎರಡು ತಿಂಗಳಿನಲ್ಲಿ ಮುದ್ದೆಂದು ತಂದವರು ಐದು ತಿಂಗಳಿನಲ್ಲಿ ಕಚ್ಚುತ್ತದೆಂದು ಬಿಟ್ಟಿರಬೇಕು. ಇನ್ನೆರಡು ತಿಂಗಳು ತಡೆದಿದ್ದರೆ ಹಲ್ಲುಗಳೆಲ್ಲ ಬಂದು ತಾನಾಗಿ ಶಾಂತವಾಗುತ್ತಿತ್ತು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ನವೆಂಬರ್ ಮೊದಲ ವಾರ ವೈದ್ಯರು ಮತ್ತೆ ನೋಡಿದರು. ಎಡಗಡೆ ಮೇಲಿನ ಹಾಲುಕೋರೆ ಬಿದ್ದಿರಲಿಲ್ಲ. ಅದರ ಪಕ್ಕದಲ್ಲೇ ಹೊಸ ಕೋರೆ ಎದ್ದು, ಒಂದೇ ಮಣೆಯ ಮೇಲೆ ಇಬ್ಬರು ಕುಳಿತಂತೆ ನೂಕಾಡುತ್ತಿದ್ದವು. ಹಾಗೇ ಉಳಿದರೆ ನಡುವೆ ಅನ್ನ ಸಿಕ್ಕಿ ಕೊಳೆಯುತ್ತದೆ, ಹೊಸದು ಸೊಟ್ಟವಾಗುತ್ತದೆ. ಕೆಲವು ದಿನ ನೋಡಿ, ಬೀಳದಿದ್ದರೆ ಅರಿವಳಿಕೆ ಕೊಟ್ಟು ಕೀಳಬೇಕಾಗುತ್ತದೆ ಎಂದರು. ಮನೆಯವರೆಲ್ಲ ಆ ಒಂದು ಹಲ್ಲಿನ ಮೇಲೆ ಕಣ್ಣಿಟ್ಟೆವು. ನಾಲ್ಕನೆಯ ದಿನ ಸಂಜೆ ಪುಟ್ಟಿ ಗಂಟುಬಟ್ಟೆ ಎತ್ತಿದಾಗ ಅದರ ಮಡಿಕೆಯಲ್ಲಿ ಬಾಗಿದ ಸಣ್ಣ ಹಲ್ಲೊಂದು ಸಿಕ್ಕಿಕೊಂಡಿತ್ತು. ತಗಡಿನ ಸೂರಿಗೆ ಇನ್ನೊಂದು ಕಾಣಿಕೆ ಸಂದಿತು. ಆ ಹೊತ್ತಿಗೆ ಮರದಂತೆ ನಿಲ್ಲುವ ಪಾಠ ದಿನಕ್ಕೆ ಇಪ್ಪತ್ತರಿಂದ ಎರಡಕ್ಕೆ ಇಳಿದಿತ್ತು. ಒಂದೊಂದು ದಿನ ಅದೂ ಇರಲಿಲ್ಲ.

ದೀಪಾವಳಿಯ ಹಿಂದಿನ ದಿನ ನಮ್ಮ ಮನೆಯಾಕೆ ಚಕ್ಕುಲಿಗೆ ಹಿಟ್ಟು ಕಲಸುತ್ತಿದ್ದಳು. ಇದು ತಿನ್ನುವ ಚಕ್ಕುಲಿ. ಗಡುವಿನ ಮಾತನ್ನು ಯಾರೂ ಆಡಿರಲಿಲ್ಲ. ಅವಳು ಉಪ್ಪು, ಕಾರ ಹಾಕುವ ಮೊದಲು ಒಂದು ಮುಷ್ಟಿ ಹಿಟ್ಟನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟಳು. ಏಕೆಂದು ಕೇಳಿದೆ.

“ಅದಕ್ಕೆ ಉಪ್ಪು, ಕಾರ ಆಗೋಲ್ಲ ಅಂತ ಡಾಕ್ಟರು ಹೇಳಿಲ್ಲವೇ?” ಎಂದಳು.

ನಮ್ಮ ಮನೆಯ ತೀರ್ಪು ಹೊರಬಿದ್ದದ್ದು ಹೀಗೆ. ನಂಜನಗೂಡಿನ ತೋಟದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಸಂಕ್ರಾಂತಿಗೆ ರಾಯರ ಮೊಮ್ಮಗ ಎಳ್ಳುಬೆಲ್ಲ ತೆಗೆದುಕೊಂಡು ಬಂದ. ಗೇಟಿನ ಹೊರಗೇ ಸ್ವಲ್ಪ ಹೊತ್ತು ನಿಂತ. ಪುಟ್ಟಿ ಹೇಳಿಕೊಟ್ಟಂತೆ ಬೆರಳು ಮಡಿಸಿ ಮುಷ್ಟಿ ನೀಡಿದ. ಚಕ್ಕುಲಿ 42 ಹಲ್ಲುಗಳ ಬಾಯಿ ತೆರೆದು ಆ ಮುಷ್ಟಿಯನ್ನು ನೆಕ್ಕಿತು. ರಾಯರು ತಮ್ಮ ಜಗಲಿಯಿಂದ ನೋಡುತ್ತಿದ್ದರು.

ನಿಮ್ಮ ಮನೆಯಲ್ಲಿ ಈಗ ನಾಲ್ಕೈದು ತಿಂಗಳ ಮರಿಯೊಂದು ಚಪ್ಪಲಿ ಕಡಿಯುತ್ತಿದ್ದರೆ, ಚಪ್ಪಲಿಯನ್ನು ಮೇಲಿಡಿ. ತಣ್ಣನೆಯ ಗಂಟುಬಟ್ಟೆಯೊಂದನ್ನು ಕೆಳಗಿಡಿ. ಕೋಲು ಹುಡುಕುವ ಬದಲು ಕ್ಯಾಲೆಂಡರು ನೋಡಿ. ಈ ನೋವಿಗೆ ಕೊನೆಯ ದಿನವೊಂದು ಇದೆ. ಅದು ನಮಗೆ ಗೊತ್ತು, ಪಾಪ, ಮರಿಗೆ ಗೊತ್ತಿಲ್ಲ. ಗೊತ್ತಿರುವವರು ಅಲ್ಲಿಯವರೆಗೆ ಕಾಯಬೇಕು.